ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ?

ಹಳೆಯ ಮೇಷ್ಟ್ರು:
ಕಳೆದ ವಾರ ಮಗಳು ಅಡುಗೆಮನೆಯ ಕಪ್ಪು ಪ್ಲಾಸ್ಟಿಕ್ ಸೌಟು, ಚಮಚಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟಿದ್ದಳು. ಯಾರೋ ಮೊಬೈಲಿಗೆ ಕಳಿಸಿದ ಸಂದೇಶವೇ ಕಾರಣ. ಅದರ ಬೇರು ಹುಡುಕುತ್ತ ಹೋದರೆ 2024ರ ಅಕ್ಟೋಬರ್‌ನಲ್ಲಿ ‘ಕೀಮೋಸ್ಫಿಯರ್’ ನಿಯತಕಾಲಿಕದಲ್ಲಿ ಬಂದ ಪ್ರಬಂಧ ಸಿಕ್ಕಿತು. ಹಳೆಯ ಟಿವಿ, ಕಂಪ್ಯೂಟರ್ ಕವಚಗಳಿಗೆ ಬೆಂಕಿ ಹತ್ತದಿರಲೆಂದು ಬೆರೆಸುವ ಬ್ರೋಮಿನ್ ಸಂಯುಕ್ತಗಳು ಮರುಬಳಕೆಯ ದಾರಿಯಲ್ಲಿ ಸೌಟಿನವರೆಗೆ ಬಂದಿವೆ ಎಂಬುದು ಅದರ ತಿರುಳು.

ಅಲ್ಲಿ ಒಂದು ಲೆಕ್ಕವಿತ್ತು. ಬಿಡಿಇ-209 ಎಂಬ ಬ್ರೋಮಿನ್ ಸಂಯುಕ್ತ ಇಂಥ ಸೌಟುಗಳಿಂದ ದಿನಕ್ಕೆ 34,700 ನ್ಯಾನೊಗ್ರಾಂನಷ್ಟು ದೇಹ ಸೇರಬಹುದು ಎಂಬ ಅಂದಾಜು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಿತಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 7,000 ನ್ಯಾನೊಗ್ರಾಂ. 60 ಕಿಲೋ ತೂಗುವವರಿಗೆ ಎಷ್ಟಾಯಿತು? ಪ್ರಬಂಧದಲ್ಲಿ 42,000 ಎಂದಿತ್ತು. ಅಪಾಯದ ಗೆರೆಗೆ ಕೂದಲೆಳೆಯ ಅಂತರ ಎಂದು ಪತ್ರಿಕೆಗಳೆಲ್ಲ ಬರೆದವು. ಏಳನ್ನು ಆರರಿಂದ ಗುಣಿಸಿ, ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ ನೋಡಿ: 4,20,000. ಒಂದು ಸೊನ್ನೆ ದಾರಿಯಲ್ಲಿ ಬಿದ್ದುಹೋಗಿದೆ. ಸರಿಯಾದ ಲೆಕ್ಕದಲ್ಲಿ ಅದು ಮಿತಿಯ ಸುಮಾರು ಎಂಟನೇ ಒಂದು ಪಾಲು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೋ ಶ್ವಾರ್ಜ್ ಇದನ್ನು ಎತ್ತಿ ತೋರಿಸಿದರು, ಡಿಸೆಂಬರ್‌ನಲ್ಲಿ ತಿದ್ದುಪಡಿಯೂ ಬಂತು. ಸುದ್ದಿ ಓಡಿದಷ್ಟು ದೂರ ತಿದ್ದುಪಡಿ ನಡೆದೂ ಹೋಗಲಿಲ್ಲ. ನಮ್ಮ ಮನೆಗೆ ಸುದ್ದಿ ಈಗ ತಲುಪಿದೆ, ತಿದ್ದುಪಡಿ ಇನ್ನೂ ತಲುಪಿಲ್ಲ.

ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಸಂಶೋಧನೆಯ ಸುದ್ದಿ ಯಾವುದೇ ಬರಲಿ, ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ನಡೆದದ್ದು ಎಲ್ಲಿ? ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ, ಬರಿಯ ಕಾಗದದ ಮೇಲೋ? ಈಚಿನ ಕೆಲವು ವರ್ಷಗಳ ಸುದ್ದಿಗಳನ್ನು ಹೀಗೆ ಕೇಳಿ ನೋಡಿದರೆ ಯಾವುದು ಉಳಿಯುತ್ತದೆ? ನಿಮ್ಮ ನಿಮ್ಮ ಕ್ಷೇತ್ರದಿಂದ ಒಂದೊಂದು ಹೇಳಿ.

ಸಂಶಯಾತ್ಮ:
ಮೇಷ್ಟ್ರೇ, ಸೊನ್ನೆ ಬಿದ್ದದ್ದು ನಿಜ. ಹಾಗೆಂದು ಚೀಲವನ್ನು ಒಳಗೆ ತಂದುಬಿಟ್ಟಿರಾ? ಅವರು 203 ವಸ್ತುಗಳನ್ನು ಜಾಲಾಡಿ, ಬ್ರೋಮಿನ್ ಹೆಚ್ಚಿದ್ದ 20ನ್ನು ಆರಿಸಿ ಪರೀಕ್ಷಿಸಿದರು. ಅವುಗಳಲ್ಲಿ ನೂರಕ್ಕೆ 85ರಲ್ಲಿ ಅಗ್ನಿನಿರೋಧಕ ಸಿಕ್ಕಿತು. ಸೌಟಿನಲ್ಲಿ ಇರಬಾರದ ವಸ್ತು ಸೌಟಿನಲ್ಲಿದೆ ಎಂಬ ಮಾತು ಗುಣಾಕಾರ ತಪ್ಪಿದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ತಮ್ಮ ತೀರ್ಮಾನ ಬದಲಾಗಿಲ್ಲ ಎಂದು ಲೇಖಕರು ಹೇಳಿದ್ದೂ ಅದಕ್ಕೇ.

ಹಳೆಯ ಮೇಷ್ಟ್ರು:
ಒಪ್ಪುತ್ತೇನೆ. ಆದರೆ ‘ನೂರಕ್ಕೆ 85’ ಎಂದಾಗ ಯಾವ ನೂರು ಎಂದೂ ಹೇಳಬೇಕು. ಅನುಮಾನ ಬಂದು ಆರಿಸಿದ 20ರಲ್ಲಿ 17. ಜಗತ್ತಿನ ಎಲ್ಲ ಕಪ್ಪು ಸೌಟುಗಳಲ್ಲಿ 85 ಅಲ್ಲ. ಚೀಲದ ಸಂಗತಿ: ಕರಗಿ ಅಂಚು ಸುರುಟಿದ್ದನ್ನು ಎಸೆದೆ, ಉಳಿದದ್ದು ಇನ್ನೂ ಬಾಗಿಲಾಚೆಯೇ ಇದೆ. ಮಗಳೊಡನೆ ಮಾತುಕತೆ ನಡೆದಿದೆ.

ಕುಲುಮೆ:
ನಾನು ವಸ್ತುವಿಜ್ಞಾನದ ಪ್ರಯೋಗಾಲಯದಲ್ಲಿ ಕುಲುಮೆ ಕಾಯುವವನು. ನನ್ನ ಕಡೆಯಿಂದ ಉಳಿಯದೇ ಹೋದ ಸುದ್ದಿ ಹೇಳುತ್ತೇನೆ, ಏಕೆಂದರೆ ಅದು ಬಿದ್ದ ಬಗೆ ಬಹಳ ಚೆಂದ.

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಗುಂಪೊಂದು ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ, ಸಾಮಾನ್ಯ ಒತ್ತಡದಲ್ಲೇ ಅತಿವಾಹಕ, ಎಂದರೆ ಚೂರೂ ರೋಧವಿಲ್ಲದೆ ವಿದ್ಯುತ್ ಹರಿಯಬಿಡುವಂಥದ್ದು, ಎಂದು ಘೋಷಿಸಿತು. ಸೀಸದ ಅಪಟೈಟ್ ಖನಿಜಕ್ಕೆ ಸ್ವಲ್ಪ ತಾಮ್ರ ಸೇರಿಸಿದ ಬೂದುಬಣ್ಣದ ಚೂರು. ಆಯಸ್ಕಾಂತದ ಮೇಲೆ ಒಂದು ಮಗ್ಗುಲು ಎತ್ತಿಕೊಂಡು ನಿಂತ ವಿಡಿಯೊ ಎಲ್ಲರೂ ನೋಡಿದ್ದೀರಿ. ಅದನ್ನು ಮಾಡಲು ಅಪರೂಪದ ಯಂತ್ರ ಬೇಡ. ಸೀಸದ ಸಲ್ಫೇಟ್ ಮೂಲದ ಖನಿಜ, ತಾಮ್ರದ ಫಾಸ್ಫೈಡ್, ಗಾಳಿ ತೆಗೆದು ಮುಚ್ಚಿದ ನಳಿಕೆ, 925 ಡಿಗ್ರಿ ಸೆಲ್ಸಿಯಸ್ ಕಾವು, ಇಷ್ಟೇ. ಹಾಗಾಗಿ ಜಗತ್ತಿನ ಅರ್ಧ ಕುಲುಮೆಗಳು ಆ ವಾರ ಅದಕ್ಕೇ ಉರಿದವು.

ಈಗ ಸಲ್ಫೇಟ್‌ನಲ್ಲಿದ್ದ ಗಂಧಕ ಎಲ್ಲಿಗೆ ಹೋಯಿತು ಎಂದು ಕೇಳಿ. ಪಕ್ಕದಲ್ಲೇ ತಾಮ್ರವಿದೆ. ಎರಡೂ ಸೇರಿ ತಾಮ್ರದ ಸಲ್ಫೈಡ್ ಆಗುತ್ತದೆ, ಚೂರಿನೊಳಗೆ ಕಲ್ಮಶವಾಗಿ ಉಳಿಯುತ್ತದೆ. ಕೊರಿಯಾದವರ ಆಲೇಖದಲ್ಲಿ ರೋಧ ಥಟ್ಟನೆ ಬಿದ್ದದ್ದು 104.8 ಡಿಗ್ರಿಯಲ್ಲಿ. ಅದನ್ನು ಕಂಡು ಇಲಿನಾಯ್ ವಿಶ್ವವಿದ್ಯಾಲಯದ ಪ್ರಶಾಂತ್ ಜೈನ್ ಅವರಿಗೆ ಎಲ್ಲೋ ನೋಡಿದ ಸಂಖ್ಯೆ ಅನ್ನಿಸಿತು. ತಾಮ್ರದ ಸಲ್ಫೈಡ್ ತನ್ನ ರಚನೆ ಬದಲಿಸುವುದು ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ, ಆಗ ಅದರ ರೋಧ ಜಿಗಿಯುತ್ತದೆ. ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರು ಗಂಧಕವಿಲ್ಲದ ಶುದ್ಧ ಸ್ಫಟಿಕ ಬೆಳೆಸಿದರು: ನೇರಳೆ ಬಣ್ಣ, ಪಾರದರ್ಶಕ, ರೋಧ ಲಕ್ಷಗಟ್ಟಲೆ ಓಮ್. ಅತಿವಾಹಕವಲ್ಲ, ಅವಾಹಕ. ಮಗ್ಗುಲೆತ್ತಿದ್ದು ಬರಿಯ ಕಾಂತತ್ವ.

ಎಲ್ಲ ಮುಗಿಯಲು ಹಿಡಿದದ್ದು ನಾಲ್ಕೈದು ವಾರ. ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ನನ್ನ ಮೂಸೆಯಲ್ಲೂ ಹಿಂದಿನ ಸಲದ ಪುಡಿ ಅಂಟಿಕೊಂಡಿದ್ದು ಮೂರು ದಿನದ ಅಳತೆಗಳನ್ನು ಹಾಳುಮಾಡಿದ್ದುಂಟು.

ಸಂಶಯಾತ್ಮ:
ಅದು ಪ್ರಾಮಾಣಿಕ ಎಡವಟ್ಟು. ಆದರೆ ‘ನೇಚರ್’ ಪ್ರಕಟಿಸಿದ ಎರಡು ಅತಿವಾಹಕ ಪ್ರಬಂಧಗಳು, 2020ರದ್ದು ಮತ್ತು 2023ರದ್ದು, ಎರಡನ್ನೂ ಹಿಂತೆಗೆದುಕೊಳ್ಳಬೇಕಾಯಿತು. ದೊಡ್ಡ ಹೆಸರಿನ ಪತ್ರಿಕೆಯಲ್ಲಿ ಬಂದಿದೆ ಎಂಬುದು ನನಗಂತೂ ಯಾವ ಖಾತರಿಯೂ ಅಲ್ಲ.

ಎರಡನೇ ವರ್ಷ:
ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಕುಲುಮೆ ಸರ್, ಯಂತ್ರಗಳೇ ಹೊಸ ವಸ್ತುಗಳನ್ನು ಹುಡುಕುತ್ತವೆ ಎನ್ನುತ್ತಾರಲ್ಲ, ಅದು ಎಷ್ಟರಮಟ್ಟಿಗೆ ನಿಜ? 22 ಲಕ್ಷ ಹೊಸ ಸ್ಫಟಿಕಗಳು ಎಂದು ಓದಿದೆ.

ಕುಲುಮೆ:
ಅದು 2023ರ ನವೆಂಬರ್‌ನಲ್ಲಿ ಬಂದ, ಗೂಗಲ್‌ನ ಕೃತಕ ಬುದ್ಧಿಮತ್ತೆ ಸಂಸ್ಥೆ ಡೀಪ್‌ಮೈಂಡ್‌ನ ಕೆಲಸ. 22 ಲಕ್ಷ ಊಹೆಗಳು, ಅವುಗಳಲ್ಲಿ ಸುಮಾರು 3,80,000 ಸ್ಥಿರವಾಗಿರಬಹುದು ಎಂಬ ಲೆಕ್ಕ. ಮೇಷ್ಟ್ರ ಪ್ರಶ್ನೆಗೆ ಉತ್ತರ: ಕಂಪ್ಯೂಟರಿನಲ್ಲಿ. ಅದೇ ದಿನಗಳಲ್ಲಿ ಬರ್ಕ್ಲಿಯ ಪ್ರಯೋಗಾಲಯವೊಂದು ಮನುಷ್ಯರ ಕೈ ಸೋಕದಂತೆ ರೋಬಾಟ್‌ಗಳಿಂದ 17 ದಿನಗಳಲ್ಲಿ 41 ಹೊಸ ವಸ್ತುಗಳನ್ನು ತಯಾರಿಸಿದೆವು ಎಂದಿತು. ಸ್ಫಟಿಕ ಬಲ್ಲವರು ಕುಳಿತು ಎಕ್ಸ್-ಕಿರಣ ಆಲೇಖಗಳನ್ನು ನೋಡಿದರು. ಹಲವು ಕಡೆ ಎರಡು ಲೋಹಗಳು ತಮ್ಮ ತಮ್ಮ ಜಾಗದಲ್ಲಿ ಶಿಸ್ತಾಗಿ ಕುಳಿತಿವೆ ಎಂದು ಯಂತ್ರ ತಿಳಿದಿತ್ತು. ನಿಜದಲ್ಲಿ ಅವು ಒಂದೇ ಜಾಗವನ್ನು ಮನಬಂದಂತೆ ಹಂಚಿಕೊಂಡಿದ್ದವು. ಹಾಗೆ ಬೆರೆತ ರೂಪ ಮೊದಲೇ ಗೊತ್ತಿದ್ದ ವಸ್ತು. ಹೊಸದು ಒಂದೂ ಇಲ್ಲ ಎಂಬುದು ಆ ಟೀಕಾಕಾರರ ತೀರ್ಪು.

ಆಲೇಖ ಓದುವುದು ಕೈಚಳಕದ ಕೆಲಸ. ಎರಡು ಶಿಖರಗಳ ನಡುವಿನ ಸಣ್ಣ ಉಬ್ಬು ಗದ್ದಲವೋ ಸತ್ಯವೋ ಎಂದು ಹೇಳಲು ನೂರು ತಪ್ಪು ಮಾಡಿರಬೇಕು. ರೋಬಾಟ್ ಇನ್ನೂ ಮೂವತ್ತನೆಯದರಲ್ಲಿದೆ ಎಂದುಕೊಳ್ಳಿ.

ಶುಶ್ರೂಷಕಿ:
ಎಲ್ಲರೂ ಬಿದ್ದದ್ದನ್ನೇ ಹೇಳುತ್ತಿದ್ದೀರಿ. ನಿಂತದ್ದೊಂದು ನಾನು ಹೇಳಲೇ? ಲೆನಕಾಪವಿರ್. ಎಚ್‌ಐವಿ ತಗುಲದಂತೆ ತಡೆಯಲು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದು. ವೈರಾಣುವಿನ ಒಳಗಿನ ಪ್ರೋಟೀನ್ ಚಿಪ್ಪನ್ನು ಹಿಡಿದು ಬಿಗಿಯುತ್ತದೆ, ಚಿಪ್ಪು ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಹೊಸದು ಸರಿಯಾಗಿ ಕಟ್ಟಿಕೊಳ್ಳುವುದೂ ಇಲ್ಲ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಚುಚ್ಚುಮದ್ದು ಪಡೆದ 2,134 ಮಂದಿಯಲ್ಲಿ ಸೋಂಕು ತಗುಲಿದವರು ಸೊನ್ನೆ. ದಿನಕ್ಕೊಂದು ಮಾತ್ರೆಯ ಎರಡು ಗುಂಪುಗಳಲ್ಲಿ 2,136ಕ್ಕೆ 39, 1,068ಕ್ಕೆ 16.

ಆ 39 ಮತ್ತು 16 ಮಾತ್ರೆಯ ಸೋಲಲ್ಲ. ಮಾತ್ರೆ ದಿನವೂ ಹೊಟ್ಟೆಗೆ ಹೋಗಲೇ ಇಲ್ಲ. ರಕ್ತದಲ್ಲಿ ಔಷಧದ ಮಟ್ಟ ಅಳೆದು ಅವರು ಅದನ್ನೂ ತೋರಿಸಿದ್ದಾರೆ. ನನಗೆ ಇದು ಪ್ರಬಂಧದಿಂದ ಗೊತ್ತಾಗಬೇಕಿರಲಿಲ್ಲ. ತಿಂಗಳ ಕೊನೆಗೆ ಮಾತ್ರೆಯ ಡಬ್ಬಿ ವಾಪಸು ತರುವಾಗ ಅದನ್ನು ಅಲುಗಾಡಿಸಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಖಾಲಿ ಡಬ್ಬಿ ಸದ್ದು ಮಾಡುವುದಿಲ್ಲ. ಯಾರಾದರೂ ನೋಡಿಯಾರು ಎಂಬ ಭಯ, ಮನೆಯಲ್ಲಿ ಇಡಲು ಜಾಗವಿಲ್ಲ, ಕಾಯಿಲೆಯೇ ಇಲ್ಲದ ನಾನೇಕೆ ನುಂಗಲಿ ಎಂಬ ಬೇಸರ, ಕಾರಣ ನೂರಿವೆ. ವರ್ಷಕ್ಕೆ ಎರಡು ಸಲ ಬಂದು ಹೊಟ್ಟೆಯೋ ತೊಡೆಯೋ ಒಡ್ಡಿ ಹೋದರೆ ಆ ನೂರೂ ಕಾರಣ ಇಲ್ಲ.

ಸಂಶಯಾತ್ಮ:
ಸೊನ್ನೆ ಎಂದರೆ ನನಗೆ ಮೈ ಉರಿಯುತ್ತದೆ. ಯಾವ ಔಷಧವೂ ನೂರಕ್ಕೆ ನೂರು ಅಲ್ಲ.

ಶುಶ್ರೂಷಕಿ:
ನೂರಕ್ಕೆ ನೂರು ಎಂದು ನಾನೆಲ್ಲಿ ಬರೆದೆ? ಎರಡನೇ ಪರೀಕ್ಷೆ ಹಲವು ದೇಶಗಳಲ್ಲಿ, ಹೆಚ್ಚಾಗಿ ಪುರುಷರಲ್ಲಿ ನಡೆಯಿತು. ಅಲ್ಲಿ 2,179ಕ್ಕೆ ಇಬ್ಬರಿಗೆ ತಗುಲಿತು. ಸೊನ್ನೆಯೂ ಇದೆ, ಎರಡೂ ಇದೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಎರಡನ್ನೂ ನೋಡಿಯೇ. ಮೇಷ್ಟ್ರ ಪ್ರಶ್ನೆಗೆ ಉತ್ತರ ಮನುಷ್ಯರಲ್ಲಿ, ಅದೂ ಹೋಲಿಕೆಯ ಗುಂಪು ಇಟ್ಟುಕೊಂಡು. ಇನ್ನೇನು ಬೇಕು ಸ್ವಾಮಿ?

ಜೀವಕಣ:
ನಾನು ಜೀನ್ ತಿದ್ದುವಿಕೆಯ ಕೆಲಸದಲ್ಲಿದ್ದೇನೆ. ಕ್ಯಾಸ್ಜೆವಿಯನ್ನು ಪಟ್ಟಿಗೆ ಸೇರಿಸಿ. ಕುಡಗೋಲು ಕಣ ರೋಗಕ್ಕೆ ಕೊಡುವ ಇದು, ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ವಿಧಾನದ ಆಧಾರದ ಮೊದಲ ಚಿಕಿತ್ಸೆ, 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದವು. ಈ ರೋಗದಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಕುಳಿತಿರುತ್ತದೆ. ಒಂದೇ ಅಕ್ಷರದ ತಪ್ಪಿಗೆ ರಕ್ತಕಣ ಕುಡಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆ ನೋವು ಮಾತಿಗೆ ನಿಲುಕುವಂಥದ್ದಲ್ಲ ಎಂದು ರೋಗಿಗಳು ಹೇಳುತ್ತಾರೆ.

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಈ ಚಿಕಿತ್ಸೆ ಆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ! ನಾವೆಲ್ಲ ತಾಯಿಯ ಗರ್ಭದಲ್ಲಿದ್ದಾಗ ಬೇರೊಂದು ಹಿಮೋಗ್ಲೋಬಿನ್ ಬಳಸುತ್ತಿದ್ದೆವು. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಅದರ ಬಾಗಿಲು ಹಾಕುತ್ತದೆ. ಚಿಕಿತ್ಸೆಯಲ್ಲಿ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಆ ಜೀನ್ ರಕ್ತಕಣಗಳಲ್ಲಿ ಕೆಲಸ ಮಾಡಲು ಬೇಕಾದ ಸ್ವಿಚ್ಚನ್ನು ಕತ್ತರಿಸಿ, ಕೋಶಗಳನ್ನು ಮರಳಿ ಒಳಗೆ ಬಿಡುತ್ತಾರೆ. ಮುಂಬಾಗಿಲ ಬೀಗ ಕೆಟ್ಟಿದ್ದರೆ ಇರಲಿ, ಹಿತ್ತಿಲ ಬಾಗಿಲು ತೆರೆದರಾಯಿತು ಎಂಬ ಲೆಕ್ಕ. ಸಾಕಷ್ಟು ಕಾಲ ಗಮನಿಸಲು ಸಾಧ್ಯವಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಿಕ್ಕಟ್ಟು ಬರಲಿಲ್ಲ. ರೋಗ ಗುಣವಾಯಿತು ಎಂದು ಹೇಳಲು ಇಷ್ಟು ಸಾಲದೇ?

ಶುಶ್ರೂಷಕಿ:
‘ಮರಳಿ ಒಳಗೆ ಬಿಡುತ್ತಾರೆ’ ಎಂಬ ಮೂರು ಪದಗಳಲ್ಲಿ ನೀವು ಹಾರಿಹೋದದ್ದರ ಹೆಸರು ಬುಸಲ್ಫಾನ್. ತಿದ್ದಿದ ಕೋಶಗಳಿಗೆ ಜಾಗ ಮಾಡಲು ಮಜ್ಜೆಯಲ್ಲಿರುವ ಹಳೆಯ ಕೋಶಗಳನ್ನು ಕೊಲ್ಲುವ ಕೀಮೋ ಔಷಧ. ಬಾಯಿತುಂಬ ಹುಣ್ಣು, ನೀರು ನುಂಗಲೂ ಆಗುವುದಿಲ್ಲ. ವಾರಗಟ್ಟಲೆ ಆಸ್ಪತ್ರೆ, ಸೋಂಕಿನ ಭಯ, ಮುಂದೆ ಮಕ್ಕಳಾಗದಿರುವ ಸಾಧ್ಯತೆ. ಗುಣವಾಯಿತು ಎನ್ನಿ, ಬೇಡವೆನ್ನುವುದಿಲ್ಲ. ಆದರೆ ಕತ್ತರಿ ಆಡಿಸಿದಷ್ಟು ಸಲೀಸು ಎಂಬಂತೆ ಬರೆಯಬೇಡಿ.

ಜೀವಕಣ:
ತಪ್ಪಾಯಿತು ಮೇಡಂ, ಅದನ್ನು ಬರೆಯಬೇಕಿತ್ತು. ಮಜ್ಜೆಯನ್ನು ಮುಟ್ಟದೆ ದೇಹದ ಒಳಗೇ ತಿದ್ದುವ ದಾರಿಗೆ ಎಲ್ಲರೂ ಹಂಬಲಿಸುವುದು ಇದಕ್ಕಾಗಿಯೇ. ಯಕೃತ್ತಿನ ಮಟ್ಟಿಗೆ ಅದು ಆಗಿದೆ. 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಗಂಡು ಮಗುವಿಗೆ ಅವನೊಬ್ಬನಿಗೆಂದೇ ತಯಾರಿಸಿದ ಜೀನ್ ತಿದ್ದುಕ ಕೊಟ್ಟರು. ಅವನಿಗೆ ಸಿಪಿಎಸ್1 ಕೊರತೆ: ಪ್ರೋಟೀನ್ ಜೀರ್ಣವಾದಾಗ ಹುಟ್ಟುವ ಅಮೋನಿಯ ಯೂರಿಯ ಆಗುವುದಿಲ್ಲ, ರಕ್ತದಲ್ಲೇ ಉಳಿದು ಮೆದುಳಿಗೆ ಏರುತ್ತದೆ. ರೋಗ ಪತ್ತೆಯಾದ ಆರು ತಿಂಗಳೊಳಗೆ ತಿದ್ದುಕವನ್ನು ರೂಪಿಸಿ, ಪರೀಕ್ಷಿಸಿ, ಕೊಬ್ಬಿನ ಸೂಕ್ಷ್ಮ ಗುಳಿಗೆಗಳಲ್ಲಿ ತುಂಬಿ ರಕ್ತನಾಳಕ್ಕೆ ಬಿಟ್ಟರು. ಡಿಎನ್‌ಎ ಎಳೆಗಳನ್ನು ಎರಡೂ ಕಡೆ ತುಂಡರಿಸದೆ ಒಂದಕ್ಷರವನ್ನಷ್ಟೇ ಬದಲಿಸುವ ವಿಧಾನ. ಮೂರು ಡೋಸುಗಳಾದ ಮೇಲೆ ಮಗು ಹೆಚ್ಚು ಪ್ರೋಟೀನ್ ತಾಳಿಕೊಂಡಿತು, ಔಷಧದ ಪ್ರಮಾಣ ಇಳಿಯಿತು. ಕೊಬ್ಬಿನ ಗುಳಿಗೆಗಳು ತಾವಾಗಿಯೇ ಯಕೃತ್ತಿಗೆ ಹೋಗುತ್ತವೆ, ಹಾಗಾಗಿ ಯಕೃತ್ತಿನ ರೋಗ ಈ ದಾರಿಗೆ ಹೊಂದಿತು. ಮೆದುಳಿಗೋ ಸ್ನಾಯುವಿಗೋ ಕಳಿಸಬೇಕೆಂದರೆ ಕಥೆ ಬೇರೆ.

ಸಂಶಯಾತ್ಮ:
ಒಬ್ಬ ರೋಗಿ. ಹೋಲಿಕೆಗೆ ಯಾರೂ ಇಲ್ಲ.

ಜೀವಕಣ:
ಆ ರೂಪಾಂತರ ಇರುವ ಇನ್ನೊಂದು ಮಗುವನ್ನು ನೀವೇ ಹುಡುಕಿಕೊಡಿ, ಹೋಲಿಸೋಣ.

ಹಳೆಯ ಮೇಷ್ಟ್ರು:
ಜಗಳ ಬೇಡ. ರಸಾಯನಶಾಸ್ತ್ರದಿಂದ ನನ್ನ ಪಾಲು. ಪಿಎಫ್‌ಎಎಸ್ ಎಂಬ ಕುಟುಂಬದ ಸಂಯುಕ್ತಗಳನ್ನು ‘ಅಳಿಯದ ರಾಸಾಯನಿಕ’ ಎಂದೇ ಕರೆಯುತ್ತಾರೆ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನದಲ್ಲೇ ಅತಿ ಗಟ್ಟಿಯಾದವುಗಳಲ್ಲೊಂದು. ಸುಡುವುದಕ್ಕೆ ಸಾವಿರ ಡಿಗ್ರಿಯ ಮಾತು ಬರುತ್ತದೆ. 2022ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿಲಿಯಂ ಡಿಕ್ಟೆಲ್ ಅವರ ಗುಂಪು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಡಿಎಂಎಸ್‌ಒ ಎಂಬ ದ್ರಾವಕ ಹಾಕಿ, 80ರಿಂದ 120 ಡಿಗ್ರಿಯಲ್ಲಿ ಕಾಯಿಸಿ, ಇವುಗಳ ಒಂದು ಪಂಗಡವನ್ನು ಒಡೆಯಿತು.

ನನಗೆ ಹಿಡಿಸಿದ್ದು ಆಕ್ರಮಣ ಮಾಡಿದ ಜಾಗ. ಫ್ಲೋರಿನ್ ತುಂಬಿದ ಬಾಲವನ್ನು ಅವರು ಕೆಣಕಲೇ ಇಲ್ಲ. ಅಣುವಿನ ತಲೆಯಲ್ಲಿ ಕಾರ್ಬಾಕ್ಸಿಲ್ ಇದೆ. ಈ ದ್ರಾವಕದಲ್ಲಿ ಕಾಯಿಸಿದರೆ ಅದು ಇಂಗಾಲದ ಡೈಆಕ್ಸೈಡ್ ಆಗಿ ಕಳಚಿಕೊಳ್ಳುತ್ತದೆ. ತಲೆ ಹೋದ ಅಣು ನಿಲ್ಲಲಾರದು, ಹೆಣಿಗೆಯ ನೂಲಿನ ತುದಿ ಸಿಕ್ಕಂತೆ ಬಿಚ್ಚಿಕೊಳ್ಳುತ್ತ ಹೋಗಿ ಫ್ಲೋರಿನ್ ಫ್ಲೋರೈಡ್ ಆಗಿ ಹೊರಬೀಳುತ್ತದೆ. ಕೋಟೆಯ ಗೋಡೆ ಬಿಟ್ಟು ದಿಡ್ಡಿಬಾಗಿಲು ಹಿಡಿದ ಹಾಗೆ. ಪಾಠ ಮಾಡುವ ಕಾಲದಲ್ಲಿ ಇದು ಬಂದಿದ್ದರೆ ಒಂದು ಇಡೀ ಅವಧಿ ಇದನ್ನೇ ಹೇಳುತ್ತಿದ್ದೆ.

ಮಿತಿಯೂ ಅಲ್ಲೇ ಇದೆ. ತಲೆಯಲ್ಲಿ ಕಾರ್ಬಾಕ್ಸಿಲ್ ಬದಲು ಸಲ್ಫೋನಿಕ್ ಗುಂಪು ಇರುವ ಪಿಎಫ್‌ಒಎಸ್‌ನಂಥವು ಈ ಉಪಾಯಕ್ಕೆ ಬಗ್ಗುವುದಿಲ್ಲ. ಇನ್ನು ಕೊಳೆಯಾದದ್ದು ನೀರು, ಕ್ರಿಯೆ ನಡೆಯುವುದು ದ್ರಾವಕದಲ್ಲಿ. ನೀರಿನಿಂದ ಮೊದಲು ಸೋಸಿ ಒಟ್ಟುಮಾಡಬೇಕು. ಹಾಗಾಗಿ ಉತ್ತರ: ಗಾಜಿನ ಪಾತ್ರೆಯಲ್ಲಿ. ಆದರೂ ಪಟ್ಟಿಯಿಂದ ತೆಗೆಯಲು ನನಗೆ ಮನಸ್ಸಿಲ್ಲ.

ಎರಡನೇ ವರ್ಷ:
ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಕಿರುಯೋಜನೆ ಅದೇ, ಹೇಳಿಬಿಡುತ್ತೇನೆ. 2016ರಲ್ಲಿ ಜಪಾನಿನವರು ಪಿಇಟಿ ಬಾಟಲಿ ಮರುಬಳಕೆಯ ಜಾಗದಲ್ಲಿ ಐಡಿಯೊನೆಲ್ಲಾ ಸಕಾಯೆನ್ಸಿಸ್ ಎಂಬುದನ್ನು ಕಂಡುಹಿಡಿದರು. ಅದು ತೆಳುವಾದ, ಸ್ಫಟಿಕತೆ ಬಹಳ ಕಡಿಮೆ ಇದ್ದ ಹಾಳೆಯನ್ನು 30 ಡಿಗ್ರಿಯಲ್ಲಿ ತಿಂದು ಮುಗಿಸಲು ಆರು ವಾರ ತೆಗೆದುಕೊಂಡಿತು. ಬಾಟಲಿ ಅಷ್ಟು ಮೆತ್ತಗಿಲ್ಲ. 2020ರಲ್ಲಿ ಫ್ರಾನ್ಸಿನವರು ಎಲೆಗೊಬ್ಬರದಿಂದ ಸಿಕ್ಕ ಬೇರೊಂದು ಕಿಣ್ವವನ್ನು ತಿದ್ದಿ, 72 ಡಿಗ್ರಿಯಲ್ಲಿ 10 ಗಂಟೆಗಳಲ್ಲಿ ನೂರಕ್ಕೆ 90ರಷ್ಟು ಪಿಇಟಿಯನ್ನು ಮೂಲ ಘಟಕಗಳಿಗೆ ಇಳಿಸಿದರು. ಅಲ್ಲೂ ಪ್ಲಾಸ್ಟಿಕ್ಕನ್ನು ಮೊದಲು ಕರಗಿಸಿ, ಬೇಗ ತಣಿಸಿ, ಪುಡಿಮಾಡಿ ಕೊಡಬೇಕಿತ್ತು. ಕಸದ ರಾಶಿಯ ಮೇಲೆ ಬ್ಯಾಕ್ಟೀರಿಯ ಚಿಮುಕಿಸಿದರೆ ಮುಗಿಯಿತು ಎಂಬ ಚಿತ್ರ ಪೂರಾ ತಪ್ಪು.

ನನ್ನ ಸ್ವಂತ ಫಲಿತಾಂಶ ಕೇಳಿ ನಗಬೇಡಿ. ನಾಲ್ಕು ದಿನಗಳಲ್ಲಿ ಹಾಳೆಯ ಚೂರು ಎರಡು ಮಿಲಿಗ್ರಾಂ ತೂಕ ಕಳೆದುಕೊಂಡಿತು. ಕುಣಿದಾಡಿಬಿಟ್ಟೆ. ಆಮೇಲೆ ಕಿಣ್ವ ಹಾಕದೆ ಬರಿಯ ನೀರಿನಲ್ಲಿಟ್ಟಿದ್ದ ಚೂರನ್ನು ತೂಗಿದರೆ ಅದೂ ಎರಡು ಮಿಲಿಗ್ರಾಂ ಇಳಿದಿತ್ತು. ಮೊದಲ ಸಲ ತೂಗುವಾಗ ಚೂರುಗಳನ್ನು ಸರಿಯಾಗಿ ಒಣಗಿಸಿರಲಿಲ್ಲ. ನಾನು ಅಳೆದದ್ದು ತೇವ.

ಕುಲುಮೆ:
ಕಿಣ್ವ ಹಾಕದ ಚೂರನ್ನೂ ಇಟ್ಟಿದ್ದೀರಲ್ಲ, ಅಷ್ಟು ಸಾಕು. 2023ರಲ್ಲಿ ಎಲ್‌ಕೆ-99 ಕಾಯಿಸಿದವರಲ್ಲಿ ಹಲವರು ಇಂಥ ಹೋಲಿಕೆಯ ಚೂರು ಇಟ್ಟಿರಲಿಲ್ಲ.

ಸಂಶಯಾತ್ಮ:
ಇಷ್ಟು ಹೊತ್ತು ಗೊಣಗಿದ್ದಕ್ಕೆ ನಾನೂ ಒಂದು ಒಳ್ಳೆಯದು ಹೇಳುತ್ತೇನೆ. ಲ್ಯಾರಿಯೊಸಿಡಿನ್ ಎಂಬ ಹೊಸ ಪ್ರತಿಜೀವಕ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಹಿತ್ತಿಲ ಮಣ್ಣು ತಂದು, ಅದರ ಬ್ಯಾಕ್ಟೀರಿಯಗಳನ್ನು ಸುಮಾರು ಒಂದು ವರ್ಷ ಸುಮ್ಮನೆ ಬೆಳೆಯಲು ಬಿಟ್ಟರು. ಆತುರದವರು ಎರಡು ವಾರಕ್ಕೇ ತಟ್ಟೆ ತೊಳೆದಿರುತ್ತಿದ್ದರು. ನಿಧಾನವಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯದಲ್ಲಿ ಕುಣಿಕೆಯ ಆಕಾರದ ಪೆಪ್ಟೈಡ್, ಎಂದರೆ ಪುಟ್ಟ ಪ್ರೋಟೀನ್ ತುಣುಕು, ಸಿಕ್ಕಿತು. ಅದು ಬ್ಯಾಕ್ಟೀರಿಯದೊಳಗೆ ಪ್ರೋಟೀನ್ ಕಟ್ಟುವ ರೈಬೋಸೋಮನ್ನು ಹಿಡಿಯುವ ಜಾಗ ಬೇರೆ ಪ್ರತಿಜೀವಕಗಳು ಹಿಡಿಯುವ ಜಾಗವಲ್ಲ, ಹಾಗಾಗಿ ಹಳೆಯ ನಿರೋಧಕತೆ ಅದಕ್ಕೆ ಅಡ್ಡಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಮೇಷ್ಟ್ರು ಕೇಳುವ ಮೊದಲೇ ಹೇಳುತ್ತೇನೆ: ಇಲಿಯಲ್ಲಿ. ಔಷಧ ಎಂದು ಕರೆಯಬೇಡಿ.

ಎರಡನೇ ವರ್ಷ:
2025ರ ರಸಾಯನಶಾಸ್ತ್ರದ ನೊಬೆಲ್ ಬಿಟ್ಟುಹೋಯಿತು. ಲೋಹ ಮತ್ತು ಸಾವಯವ ಕೊಂಡಿಗಳಿಂದ ಕಟ್ಟಿದ, ಒಳಗೆಲ್ಲ ಟೊಳ್ಳಿರುವ ಚೌಕಟ್ಟುಗಳು. ಕಿಟಗಾವಾ, ರಾಬ್ಸನ್, ಯಾಘಿ. ಒಣ ಮರುಭೂಮಿಯ ಗಾಳಿಯಿಂದಲೂ ನೀರು ಹಿಡಿಯುವ ಚೌಕಟ್ಟುಗಳಿವೆ.

ಹಳೆಯ ಮೇಷ್ಟ್ರು:
ಅದರಲ್ಲಿ ರಾಬ್ಸನ್ ಅವರ ಕಥೆ ನನ್ನಂಥವನಿಗೆ ಹಬ್ಬ. 1974ರಲ್ಲಿ ಅವರು ಮೆಲ್ಬರ್ನ್‌ನಲ್ಲಿ ಪಾಠಕ್ಕೆಂದು ಮರದ ಚೆಂಡು ಮತ್ತು ಕಡ್ಡಿಗಳ ಅಣುಮಾದರಿ ಮಾಡಿಸುತ್ತಿದ್ದರು. ಯಾವ ಪರಮಾಣುವಿಗೆ ಎಲ್ಲೆಲ್ಲಿ ತೂತು ಕೊರೆಯಬೇಕು ಎಂದು ಗುರುತುಹಾಕಿ ಕಾರ್ಯಾಗಾರಕ್ಕೆ ಕೊಡಬೇಕಿತ್ತು. ಚೆಂಡುಗಳು ಬಂದು ಜೋಡಿಸತೊಡಗಿದಾಗ, ತೂತುಗಳ ಜಾಗವೇ ಮುಂದಿನ ಆಕಾರವನ್ನು ತಾನಾಗಿ ನಿರ್ಧರಿಸುತ್ತಿದೆ ಎಂದು ಅವರಿಗೆ ಹೊಳೆಯಿತು. ಹಾಗಾದರೆ ನಿಜವಾದ ಅಣುಗಳನ್ನೇ ಹೀಗೆ ಜೋಡಿಸಿದರೆ? ಪ್ರಬಂಧ ಪ್ರಕಟವಾದದ್ದು 1989ರಲ್ಲಿ. ನನ್ನ ಮಾದರಿ ಪೆಟ್ಟಿಗೆಯ ಕಡ್ಡಿಗಳನ್ನು ಮಕ್ಕಳು ಮುರಿಯುತ್ತಿದ್ದರು ಎಂದು ಮೂವತ್ತು ವರ್ಷ ಬೈದೆನೇ ಹೊರತು ತೂತುಗಳನ್ನು ನೋಡಲಿಲ್ಲ.

ಶುಶ್ರೂಷಕಿ:
ಮೇಷ್ಟ್ರೇ, ಮೊದಲಿಂದ ಓದಿಕೊಂಡು ಬಂದೆ. ದಿನವಿಡೀ ಡೋಸ್ ಲೆಕ್ಕ ಹಾಕುವವಳು, ಕಣ್ಣು ಅಲ್ಲೇ ನಿಂತಿತು. 34,700ನ್ನು 4,20,000ದಿಂದ ಭಾಗಿಸಿದರೆ ನೂರಕ್ಕೆ 8 ಚಿಲ್ಲರೆ. ನೀವು ‘ಎಂಟನೇ ಒಂದು ಪಾಲು’ ಎಂದಿದ್ದೀರಿ. ಅದು ನೂರಕ್ಕೆ ಹನ್ನೆರಡೂವರೆ ಆಗುತ್ತದೆ.

ಹಳೆಯ ಮೇಷ್ಟ್ರು:
ಹನ್ನೆರಡನೇ ಒಂದು ಪಾಲು. ಹೌದು. ಮನಸ್ಸಿನಲ್ಲಿ ಎಂಟು ಎಂಬ ಅಂಕಿ ಇತ್ತು, ಕೈ ಅದನ್ನು ಬೇರೆ ಜಾಗದಲ್ಲಿಟ್ಟಿತು. ಮೊದಲ ಬರಹವನ್ನು ಅಳಿಸುವುದಿಲ್ಲ, ಹಾಗೆಯೇ ಇರಲಿ. ಈ ತಿದ್ದುಪಡಿಯನ್ನು ಮಗಳಿಗೂ ತೋರಿಸಿದೆ. ಅವಳು ಚೀಲವನ್ನು ಕಸದ ಗಾಡಿಗೆ ಹಾಕಿ ಬಂದಳು.